ದಾಯ, ಪಟ್ಟ, ಪರಂಪರೆ

'ಉತ್ತರಾಧಿಕಾರ' ಎಂಬ ಮಾತು ಇಂದು ವೃತ್ತಪತ್ರಿಕೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಸಭೆ ಸಮಾರಂಭಗಳಲ್ಲಿಯೂ ಪದೇ ಪದೇ ಕೇಳಿಬರುತ್ತಿದೆ. ತಂದೆಯ ಹೊಲ ಮಕ್ಕಳಿಗೆ ಬಂದರೆ ಅದು ಉತ್ತರಾಧಿಕಾರ. ಮಠದ ಹಿರಿಯ ಗುರುಗಳ ತರುವಾಯ ಕಿರಿಯರು ಪೀಠವನ್ನೇರಿದರೆ ಅದೂ ಉತ್ತರಾಧಿಕಾರ. ಒಂದು ಸಂಘದ ಅಧ್ಯಕ್ಷ ಪದವಿ ಕೈಯಿಂದ ಕೈಗೆ ಸಾಗಿದರೆ ಅದಕ್ಕೂ ಅದೇ ಹೆಸರು. ಒಂದೇ ಪದವು ಹಲವು ಅರ್ಥಗಳನ್ನು ಹೊತ್ತು ನಿಂತಾಗ ಬುದ್ಧಿಗೆ ಭ್ರಮೆಯುಂಟಾಗುವುದು ಸಹಜ. ಈ ಭ್ರಮೆಯಿಂದ ಮನೆಗಳು ಒಡೆದಿವೆ, ಸಂಸ್ಥೆಗಳು ಸೊರಗಿವೆ, ವಿದ್ಯೆಗಳು ಅಳಿದಿವೆ. ಆದಕಾರಣ ಈ ಶಬ್ದವನ್ನು ಬಿಡಿಸಿ ನೋಡುವುದು ಕೇವಲ ಪಂಡಿತರ ವಿನೋದವಲ್ಲ. ಅದು ಲೋಕೋಪಯೋಗಿಯಾದ ಕಾರ್ಯವೇ ಸರಿ.

'ಉತ್ತರ' ಎಂದರೆ ಅನಂತರದ್ದು. 'ಅಧಿಕಾರ' ಎಂದೊಡನೆ ಇಂದಿನವರ ಕಣ್ಣಮುಂದೆ ಕುರ್ಚಿ, ಮೊಹರು, ದರ್ಪಗಳು ನಿಲ್ಲುತ್ತವೆ. ಆದರೆ ಶಾಸ್ತ್ರಗಳಲ್ಲಿ ಈ ಪದದ ಅರ್ಥವೇ ಬೇರೆ. ಒಂದು ಕರ್ಮವನ್ನು ಮಾಡಲು ಯಾರು ತಕ್ಕವರು ಎಂಬ ವಿಚಾರವನ್ನು ಮೀಮಾಂಸಕರು 'ಅಧಿಕಾರ' ಎಂದು ಕರೆದರು. ವೇದಾಂತದಲ್ಲಿಯೂ 'ಅಧಿಕಾರಿ' ಎಂದರೆ ಶ್ರವಣಕ್ಕೆ ಯೋಗ್ಯನಾದವನು. ಹಾಗಾಗಿ ಉತ್ತರಾಧಿಕಾರಿ ಎಂದರೆ ಹಿಂದಿನವರ ಕಾರ್ಯವನ್ನು ಮುಂದುವರಿಸುವ ಯೋಗ್ಯತೆಯುಳ್ಳವನು ಎಂದು ಅರ್ಥವಾಗುತ್ತದೆಯೇ ಹೊರತು, ಹಿಂದಿನವರ ಸೊತ್ತಿನ ಮೇಲೆ ಕೈಯಿಡುವವನು ಎಂದಲ್ಲ.

ವ್ಯಾಕರಣದಲ್ಲಿಯೂ ಇದಕ್ಕೊಂದು ಸೊಗಸಾದ ನಿದರ್ಶನವಿದೆ. 'ಮಳೆ' ಮತ್ತು 'ಕಾಲ' ಸೇರಿ 'ಮಳೆಗಾಲ' ಆಗುವಾಗ ಕಕಾರದ ಸ್ಥಾನಕ್ಕೆ ಗಕಾರ ಬರುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಇದಕ್ಕೆ ಆದೇಶಸಂಧಿಯೆಂದು ಹೆಸರು. ಮೊದಲಿದ್ದುದು ಸ್ಥಾನಿ; ಅದರ ಜಾಗಕ್ಕೆ ಬಂದುದು ಆದೇಶ. ಆದೇಶವು ಸ್ಥಾನಿಯಂತೆಯೇ ನಡೆದುಕೊಳ್ಳಬೇಕು. ಆದರೆ ಆ ಮೂಲಾಕ್ಷರಕ್ಕೆ ಮಾತ್ರ ಅಂಟಿಕೊಂಡಿರುವ ವಿಧಿಗಳು ಅದಕ್ಕೆ ಸಲ್ಲುವುದಿಲ್ಲವೆಂದು ಪಾಣಿನಿಯ ನಿಯಮ. ಎಂತಹ ಸೂಕ್ಷ್ಮವಾದ ಮಾತು! ಸ್ಥಾನದ ಕರ್ತವ್ಯ ಮುಂದಿನವನಿಗೆ ಬರುತ್ತದೆ. ಹಿಂದಿನವನ ವ್ಯಕ್ತಿತ್ವ ಬರುವುದಿಲ್ಲ. ತಂದೆಯ ಪಾಂಡಿತ್ಯವಾಗಲಿ ಗುರುವಿನ ತಪಸ್ಸಾಗಲಿ ಪತ್ರದ ಮೂಲಕ ವರ್ಗಾವಣೆಯಾಗುವ ವಸ್ತುಗಳಲ್ಲ.

ಈ ವಿಚಾರದ ಸ್ಪಷ್ಟತೆಗಾಗಿ ಉತ್ತರಾಧಿಕಾರವನ್ನು ಮೂರಾಗಿ ವಿಂಗಡಿಸುವುದು ಯುಕ್ತ. ಸೊತ್ತಿಗೆ ಸಂಬಂಧಿಸಿದುದು ದಾಯ; ಸ್ಥಾನಕ್ಕೆ ಸಂಬಂಧಿಸಿದುದು ಪಟ್ಟ; ಜೀವಕ್ಕೂ ವಿದ್ಯೆಗೂ ಸಂಬಂಧಿಸಿದುದು ಪರಂಪರೆ. ಮೂರಕ್ಕೂ ಧರ್ಮ ಬೇರೆ ಬೇರೆ. ಒಂದರ ಧರ್ಮವನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಅನರ್ಥಗಳು ಹುಟ್ಟುವುವು.

ಪರಂಪರೆಯ ಪಾಠವನ್ನು ಮೊದಲು ಪ್ರಕೃತಿಯಿಂದಲೇ ಕಲಿಯಬೇಕು. 1883ರ ಆಗಸ್ಟ್ ತಿಂಗಳಲ್ಲಿ ಜಾವಾ ಮತ್ತು ಸುಮಾತ್ರಾಗಳ ನಡುವಿನ ಕ್ರಕಟೋವ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿಯಿತು. ದ್ವೀಪದ ಬಹುಭಾಗ ಸಮುದ್ರದ ಪಾಲಾಯಿತು. ಉಳಿದ ಭಾಗದ ಮೇಲೆ ಸುಡುಬೂದಿ ದಪ್ಪನಾಗಿ ಮುಚ್ಚಿಕೊಂಡಿತು. ಮರುವರ್ಷ ಅಲ್ಲಿಗೆ ಹೋದ ಸಂಶೋಧಕರಿಗೆ ಕಂಡ ಜೀವಿಯೆಂದರೆ ಒಂದು ಪುಟ್ಟ ಜೇಡ ಮಾತ್ರ. 1886ರಲ್ಲಿ ಡಚ್ ಸಸ್ಯವಿಜ್ಞಾನಿ ಮೆಲ್ಕಿಯೋರ್ ಟ್ರೂಬ್ ಅಲ್ಲಿಗೆ ಹೋದಾಗ ಬೂದಿಯ ಮೇಲೆ ತೆಳುವಾದ ಪಾಚಿಯ ಪೊರೆಯೂ ಅದರ ಆಸರೆಯಲ್ಲಿ ಜರೀಗಿಡಗಳೂ ಕಾಣಿಸಿದವು. ಆಮೇಲೆ ಹುಲ್ಲು ಹಬ್ಬಿತು. ಹುಲ್ಲಿನ ನಡುವೆ ಪೊದೆಗಳೆದ್ದವು. ಕೆಲವು ದಶಕಗಳಲ್ಲಿ ಬೂದಿಯ ನೆಲ ಕಾಡಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮೊದಲು ಬಂದ ಸಸ್ಯಗಳು ಬರಿಯ ಬೂದಿಯನ್ನು ಮಣ್ಣಾಗಿಸಿದವು. ಆ ಮಣ್ಣಿನಲ್ಲಿ ಮರಗಳು ಬೇರೂರಿ ನೆರಳು ಕವಿದಾಗ, ಬಿಸಿಲನ್ನು ಬಯಸುವ ಆ ಮೊದಲಿಗರ ಮರಿಸಸಿಗಳು ಆ ನೆರಳಿನಲ್ಲಿ ಏಳಲಾರದೆ ಹೋದವು. ಮೊದಲಿಗರ ಸಾಧನೆಯೇ ಅವರ ನಿರ್ಗಮನಕ್ಕೆ ಕಾರಣವಾಯಿತು. ಇದು ಸೋಲಲ್ಲ, ಅವರಿಲ್ಲದೆ ಕಾಡೇ ಇಲ್ಲ.

ಒಂದು ಗಿಡದ ಜಾಗಕ್ಕೆ ಇನ್ನೊಂದು ಬರುವ ಈ ಕ್ರಮವನ್ನು ಕುರಿತು 1977ರಲ್ಲಿ ಜೋಸೆಫ್ ಕಾನೆಲ್ ಮತ್ತು ರಾಲ್ಫ್ ಸ್ಲಾಟಿಯರ್ ಎಂಬ ವಿಜ್ಞಾನಿಗಳು ಮೂರು ಬಗೆಗಳನ್ನು ಹೇಳಿದರು. ಮೊದಲು ಬಂದವರು ಮುಂದೆ ಬರುವವರಿಗೆ ನೆಲವನ್ನು ಹಸನುಮಾಡಿಕೊಡುವುದು ಒಂದು ಬಗೆ. ನೆರವನ್ನೂ ನೀಡದೆ ಅಡ್ಡಿಯನ್ನೂ ಮಾಡದೆ ಸುಮ್ಮನೆ ಸಹಿಸಿಕೊಂಡಿರುವುದು ಎರಡನೆಯದು. ಬರುವವರು ಬೇರೂರದಂತೆ ತಡೆದು ತಾವೇ ನೆಲವನ್ನು ಆಕ್ರಮಿಸಿಕೊಂಡಿರುವುದು ಮೂರನೆಯದು. ಈ ಮೂರನೆಯ ಬಗೆಗೆ ದೂರ ಹೋಗಬೇಕಾಗಿಲ್ಲ. ಬಂಡೀಪುರದ ಕಾಡಿನಲ್ಲಿಯೂ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಹಬ್ಬಿರುವ ಲಂಟಾನ ಕಳೆಯನ್ನು ನೋಡಿದರೆ ಸಾಕು. ಹೊರನಾಡಿನಿಂದ ಅಲಂಕಾರಕ್ಕೆಂದು ಬಂದ ಈ ಗಿಡ ತನ್ನಡಿಯಲ್ಲಿ ನಾಡಮರಗಳ ಸಸಿಗಳು ತಲೆಯೆತ್ತಲು ಬಿಡುವುದಿಲ್ಲ. ಅದರ ಹೂ ಬಣ್ಣಬಣ್ಣವಾಗಿದೆ. ನೋಡುವವರಿಗೆ ಕಾಡು ಹಸಿರಾಗಿಯೇ ಕಾಣುತ್ತದೆ. ಆದರೆ ಹಳೆಯ ಮರಗಳು ಬಿದ್ದ ದಿನ ಅವುಗಳ ಜಾಗಕ್ಕೆ ಬರತಕ್ಕವು ಯಾವುವೂ ಇರುವುದಿಲ್ಲ.

ಜೇನುಗೂಡಿನ ಪಾಠ ಇನ್ನೂ ಆಶ್ಚರ್ಯಕರ. ರಾಣಿಜೇನು ಸತ್ತರೆ ಕೆಲಸದ ನೊಣಗಳು ಬಹುಬೇಗ ಅದನ್ನರಿಯುತ್ತವೆ. ಆಗ ಅವು ರಾಣಿಯ ವಂಶದ ಒಂದು 'ರಾಜಕುಮಾರಿ'ಯನ್ನು ಹುಡುಕುವುದಿಲ್ಲ. ಕೆಲಸದ ನೊಣವಾಗಬೇಕಾಗಿದ್ದ ಕೆಲವು ಎಳೆಯ ಮರಿಹುಳುಗಳನ್ನು ಆರಿಸಿ, ಅವುಗಳ ಕೋಶವನ್ನು ಹಿರಿದಾಗಿ ಕಟ್ಟಿ, ಉಳಿದವಕ್ಕೆ ಮೊದಲ ಕೆಲವು ದಿನ ಮಾತ್ರ ಕೊಡುವ ಹಾಲಿನಂಥ ಪೌಷ್ಟಿಕ ರಸವನ್ನು ಇವಕ್ಕೆ ಕೊನೆಯತನಕ ಉಣಿಸುತ್ತವೆ. ಮೊಟ್ಟೆಯಿಟ್ಟ ದಿನದಿಂದ ಸುಮಾರು 16 ದಿನಗಳಲ್ಲಿ ಹೊಸ ರಾಣಿ ಹೊರಬರುತ್ತದೆ. ಹುಟ್ಟಿನಲ್ಲಿ ಭೇದವಿಲ್ಲ, ಪೋಷಣೆಯಲ್ಲಿ ಭೇದ. ಆದರೆ ಮರಿಹುಳು ಬಲಿತುಬಿಟ್ಟರೆ ಎಷ್ಟು ಉಣಿಸಿದರೂ ಅದು ರಾಣಿಯಾಗದು. ಗೂಡಿನಲ್ಲಿ ಎಳೆಯ ಹುಳುಗಳೇ ಇಲ್ಲದಿದ್ದರೆ ಆ ಗೂಡಿಗೆ ಮುಂದೆ ಗತಿಯಿಲ್ಲ.

ಇನ್ನು ದಾಯದ ವಿಚಾರ. ಈ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾದ ಗ್ರಂಥ ಹುಟ್ಟಿದ್ದು ಕನ್ನಡ ನಾಡಿನಲ್ಲಿ, ಕಲ್ಯಾಣಪಟ್ಟಣದಲ್ಲಿ, ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳ, ಅಸ್ಸಾಮುಗಳಲ್ಲಿ ಜೀಮೂತವಾಹನನ 'ದಾಯಭಾಗ' ನಡೆದರೆ, ಉಳಿದೆಡೆಗಳಲ್ಲಿ ಬಹುಮಟ್ಟಿಗೆ ಮಿತಾಕ್ಷರವೇ ಪ್ರಮಾಣವಾಯಿತು. 1810ರಲ್ಲಿ ಕೋಲ್‌ಬ್ರೂಕನು ಈ ಎರಡೂ ಗ್ರಂಥಗಳ ದಾಯವಿಚಾರವನ್ನು ಇಂಗ್ಲಿಷಿಗೆ ಅನುವಾದಿಸಿದನು.

ವಿಜ್ಞಾನೇಶ್ವರನ ವಿಚಾರಸರಣಿ ಬಹು ಗಂಭೀರವಾದುದು. ಹಂಚಿಕೆಯಾದುದರಿಂದ ಒಡೆತನ ಬರುತ್ತದೆಯೋ, ಒಡೆತನ ಮೊದಲೇ ಇರುವುದರಿಂದ ಹಂಚಿಕೆಯಾಗುತ್ತದೆಯೋ ಎಂದು ಅವನು ಪ್ರಶ್ನಿಸುತ್ತಾನೆ. ಒಡೆತನ ಹುಟ್ಟಿನಿಂದಲೇ ಇದೆ ಎಂಬುದು ಅವನ ನಿರ್ಣಯ. ಜೀಮೂತವಾಹನನ ಮತದಲ್ಲಿ ತಂದೆ ಸತ್ತ ಮೇಲೆಯೇ ಮಗನಿಗೆ ಸ್ವಾಮ್ಯ. ವಿಜ್ಞಾನೇಶ್ವರನ ಮತದಲ್ಲಿ ಪಿತ್ರಾರ್ಜಿತ ಭೂಮಿಯಲ್ಲಿ ಹುಟ್ಟಿದ ಮಗುವಿಗೂ ತಂದೆಯೊಡನೆ ಸಮಾನವಾದ ಸ್ವಾಮ್ಯ. ಅಂದರೆ ಹಿರಿಯನು ಬದುಕಿರುವಾಗಲೇ ಕಿರಿಯನ ಜಾಗವನ್ನು ಒಪ್ಪಿಕೊಳ್ಳಬೇಕು. ಇದರೊಡನೆ ಋಣವೂ ಬರುತ್ತಿತ್ತು. ತಂದೆ ಜೂಜಿಗೆ, ಮದ್ಯಕ್ಕೆ ಮಾಡಿದ ಸಾಲವನ್ನು ಬಿಟ್ಟು ಉಳಿದ ಸಾಲವನ್ನು ಮಗ ತೀರಿಸಬೇಕೆಂದು ಧರ್ಮಶಾಸ್ತ್ರ ವಿಧಿಸಿತ್ತು. ಸೊತ್ತು ಬೇಕು, ಸಾಲ ಬೇಡ ಎಂಬ ಮಾತಿಗೆ ಹಿಂದೆ ಎಡೆಯಿರಲಿಲ್ಲ.

ಇಷ್ಟು ಉದಾರವಾದ ಮತದಲ್ಲಿಯೂ ಒಂದು ದೊಡ್ಡ ಕೊರತೆಯಿತ್ತು. ಹುಟ್ಟಿನ ಹಕ್ಕು ಗಂಡುಮಕ್ಕಳದಾಯಿತೇ ಹೊರತು ಹೆಣ್ಣುಮಕ್ಕಳದಾಗಲಿಲ್ಲ. ಸ್ತ್ರೀಧನದ ವ್ಯಾಪ್ತಿಯನ್ನು ವಿಜ್ಞಾನೇಶ್ವರನು ಹಿಗ್ಗಿಸಿದನಾದರೂ ಮನೆತನದ ಭೂಮಿಯಲ್ಲಿ ಮಗಳಿಗೆ ಜನ್ಮಸಿದ್ಧವಾದ ಪಾಲಿರಲಿಲ್ಲ. ಈ ಕೊರತೆಯನ್ನು ತುಂಬಲು ಸುಮಾರು ಒಂಬತ್ತು ಶತಮಾನಗಳೇ ಬೇಕಾದವು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿ, ವಿಭಾಗವಾಗುವಾಗ ತಾಯಿ, ವಿಧವೆ, ಅವಿವಾಹಿತ ಪುತ್ರಿ ಮೊದಲಾದವರಿಗೆ ಪಾಲನ್ನು ವಿಧಿಸಿ ದಾರಿಯನ್ನು ತೋರಿಸಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಸ್ತ್ರೀಯರ ಸೊತ್ತಿಗೆ ಪೂರ್ಣ ಸ್ವಾಮ್ಯವನ್ನು ಕೊಟ್ಟಿತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಮಗಳನ್ನೂ ಹುಟ್ಟಿನಿಂದಲೇ ಸಹಭಾಗಿಯೆಂದು ಸಾರಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆದುಹಾಕಿತು. ತಂದೆ ಆ ದಿನ ಬದುಕಿದ್ದಿರಲೇಬೇಕೆಂಬ ನಿಯಮವಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದುದು ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಕಲ್ಯಾಣದಲ್ಲಿ ಹುಟ್ಟಿದ ಜನ್ಮಸ್ವತ್ವದ ಸಿದ್ಧಾಂತವು ಹೀಗೆ ಕಡೆಗೂ ತನ್ನ ಪೂರ್ಣತೆಯನ್ನು ಪಡೆಯಿತೆಂದು ಹೇಳಬಹುದು.

ಆದರೆ ಕಾನೂನು ಪೂರ್ಣವಾದ ಮಾತ್ರಕ್ಕೆ ಆಚಾರ ಪೂರ್ಣವಾದಂತಲ್ಲ. ಇಂದಿಗೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ನಡೆದೇ ಇದೆ. ಒಂದು ಸೀರೆ, ಅರಿಶಿನ ಕುಂಕುಮ, ಹಬ್ಬಕ್ಕೊಮ್ಮೆ ತವರಿನ ಕರೆ, ಇವುಗಳ ಎದುರು ಜನ್ಮಸಿದ್ಧವಾದ ಹಕ್ಕನ್ನು ಇಟ್ಟು ತೂಗಲಾಗುತ್ತದೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಅವರು ರುಜು ಮಾಡುತ್ತಾರೆ. ಸ್ವಂತ ಇಚ್ಛೆಯಿಂದ ಬಿಟ್ಟುಕೊಡುವುದು ಔದಾರ್ಯ. ಭಯದಿಂದ ಬಿಟ್ಟುಕೊಡುವುದಕ್ಕೆ ಔದಾರ್ಯವೆಂಬ ಹೆಸರು ಸಲ್ಲದು. 'ದಾಯ' ಎಂಬ ಶಬ್ದ 'ಕೊಡು' ಎಂಬರ್ಥದ ಧಾತುವಿನಿಂದ ಬಂದುದು. ದಾಯವನ್ನು ಪಡೆಯುವವನು ದಾಯಾದ. ಅದೇ ಶಬ್ದ ಕನ್ನಡದಲ್ಲಿ 'ದಾಯಾದಿ'ಯಾಗಿ ಹಗೆ ಎಂಬ ಅರ್ಥವನ್ನು ಪಡೆಯಿತು. 'ದಾಯಾದಿ ಮತ್ಸರ' ಎಂಬ ನುಡಿಗಟ್ಟೇ ಹುಟ್ಟಿತು. ಕೊಡುವುದನ್ನು ಹೇಳುವ ಮಾತು ಕಿತ್ತುಕೊಳ್ಳುವುದನ್ನು ಹೇಳುವ ಮಾತಾದದ್ದು ಭಾಷೆಯ ದೋಷವಲ್ಲ, ಆಡುವವರ ದೋಷ.

ಉತ್ತರಾಧಿಕಾರವನ್ನು ಬಲಿಷ್ಠರು ನಿರಾಕರಿಸಿದಾಗ ಏನಾಗುತ್ತದೆಂಬುದಕ್ಕೆ ಕಿತ್ತೂರಿನ ಇತಿಹಾಸವೇ ಸಾಕ್ಷಿ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಳ್ಳುವ ಮುನ್ನ ಶಿವಲಿಂಗಪ್ಪನನ್ನು ದತ್ತು ಸ್ವೀಕರಿಸಿದ್ದನು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ದತ್ತಪುತ್ರನ ಹಕ್ಕನ್ನು ಎತ್ತಿಹಿಡಿದಳು. ಆ ವರ್ಷದ ಅಕ್ಟೋಬರ್ 23ರಂದು ಕೋಟೆಯೆದುರಿನ ಕಾಳಗದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮ ಅಸುನೀಗಿದಳು. ಡಾಲ್‌ಹೌಸಿಯು ಸತಾರಾ, ಝಾನ್ಸಿ, ನಾಗಪುರಗಳ ಮೇಲೆ ಇದೇ ನೀತಿಯನ್ನು ಪ್ರಯೋಗಿಸುವುದಕ್ಕೆ ಎರಡು ದಶಕಗಳಿಗೂ ಮುಂಚೆ ಕಿತ್ತೂರಿನಲ್ಲಿ ಅದಕ್ಕೆ ಉತ್ತರ ದೊರೆತಿತ್ತು. ರಾಣಿಯ ಹೋರಾಟ ಬರಿಯ ಸಿಂಹಾಸನಕ್ಕಾಗಿ ಅಲ್ಲ. ತನ್ನ ಮುಂದಿನವರನ್ನು ಆರಿಸುವ ಹಕ್ಕು ಒಂದು ನಾಡಿಗೆ ಇದೆಯೇ ಇಲ್ಲವೇ ಎಂಬ ಪ್ರಶ್ನೆಗಾಗಿ.

ಈಗ ಪಟ್ಟದ ವಿಚಾರಕ್ಕೆ ಬರೋಣ. ಮನುಷ್ಯನು ಅಲ್ಪಾಯು, ಅವನು ಕಟ್ಟಿದ ಸಂಸ್ಥೆ ದೀರ್ಘಾಯುವಾಗಬೇಕೆಂಬುದು ಅವನ ಹಂಬಲ. ಅದಕ್ಕೆಂದೇ ಕಂಪೆನಿಗಳ ಕಾನೂನು ಸಂಸ್ಥೆಗೆ 'ನಿರಂತರ ಉತ್ತರಾಧಿಕಾರ'ವೆಂಬ ಗುಣವನ್ನು ಕಲ್ಪಿಸಿದೆ. ಸದಸ್ಯರು ಬರಲಿ ಹೋಗಲಿ, ಸಂಸ್ಥೆ ಕಾನೂನಿನ ಕಣ್ಣಿಗೆ ಅದೇ ಆಗಿರುತ್ತದೆ. ರಾಷ್ಟ್ರಪತಿಯ ಸ್ಥಾನವನ್ನೇ ನೋಡಬಹುದು. 1969ರ ಮೇ 3ರಂದು ಡಾ. ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಸಂವಿಧಾನದಂತೆ ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಆ ಹೊಣೆಯನ್ನು ಹೊತ್ತರು. ಅವರೂ ಸ್ಥಾನವನ್ನು ಬಿಟ್ಟರೆ ಮುಂದೇನು ಎಂಬುದಕ್ಕೆ ಅಂದು ವ್ಯವಸ್ಥೆಯಿರಲಿಲ್ಲ. ಅದೇ ಮೇ ತಿಂಗಳಿನಲ್ಲಿ ಸಂಸತ್ತು ಒಂದು ಕಾನೂನನ್ನು ಮಾಡಿ ಆ ಕೊರತೆಯನ್ನು ತುಂಬಿತು. ಜುಲೈ 20ರಂದು ಗಿರಿಯವರು ರಾಜೀನಾಮೆಯಿತ್ತಾಗ ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾ ಅವರು ಆ ಸ್ಥಾನದ ಹೊಣೆಯನ್ನು ಹೊತ್ತು ಆಗಸ್ಟ್ 24ರವರೆಗೆ ನಡೆಸಿದರು. ಪೀಠ ಶೂನ್ಯವಾಗಲಿಲ್ಲ, ಗೊಂದಲವೂ ಆಗಲಿಲ್ಲ. ಮುಂದಾಲೋಚನೆಯ ಫಲವಿದು.

ಮಠಗಳ ಪಟ್ಟಕ್ಕಂತೂ ರಕ್ತಸಂಬಂಧದ ಸೋಂಕಿಲ್ಲ. ವಿರಕ್ತನಾದವನು ಪೂರ್ವಾಶ್ರಮದ ಸಂಬಂಧಗಳನ್ನು ತೊರೆದವನು. ಮಠದ ಆಸ್ತಿ ಅವನ ಒಡಹುಟ್ಟಿದವರಿಗೆ ಸಲ್ಲದೆ ಪೀಠದಲ್ಲಿ ಮುಂದೆ ಬರುವವರಿಗೆ ಸಲ್ಲುತ್ತದೆ. ಅವನು ಅದರ ಒಡೆಯನಲ್ಲ, ಕಾಯುವವನು. ಸಿದ್ಧಗಂಗೆಯ ಇತಿಹಾಸವನ್ನು ನೋಡೋಣ. ಉದ್ದಾನ ಶಿವಯೋಗಿಗಳು ಮೊದಲು ಗೊತ್ತುಮಾಡಿದ್ದ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದಾಗ, 1930ರಲ್ಲಿ, ಬೆಂಗಳೂರಿನಲ್ಲಿ ಓದುತ್ತಿದ್ದ ತರುಣರೊಬ್ಬರನ್ನು ಆರಿಸಿದರು. ಅವರೇ ಶಿವಕುಮಾರ ಸ್ವಾಮಿಗಳು. ಹಿರಿಯರು ಲಿಂಗೈಕ್ಯರಾದ 1941ರವರೆಗೆ ಕಿರಿಯರಿಗೆ ಹನ್ನೊಂದು ವರ್ಷಗಳ ಶಿಕ್ಷಣ ದೊರೆಯಿತು. ಶಿವಕುಮಾರ ಸ್ವಾಮಿಗಳಾದರೂ 1988ರಲ್ಲಿಯೇ ಸಿದ್ಧಲಿಂಗ ಸ್ವಾಮಿಗಳನ್ನು ಉತ್ತರಾಧಿಕಾರಿಗಳನ್ನಾಗಿ ಆರಿಸಿದರು. 2019ರ ಜನವರಿ 21ರಂದು ಅವರು 111ರ ವಯಸ್ಸಿನಲ್ಲಿ ಶಿವೈಕ್ಯರಾದಾಗ ನಾಡು ಕಣ್ಣೀರಿಟ್ಟಿತು. ಆದರೆ ಮರುದಿನ ದಾಸೋಹದ ಒಲೆ ಆರಲಿಲ್ಲ. ಮೂವತ್ತು ವರ್ಷಗಳ ಸಿದ್ಧತೆ ಆ ಒಲೆಯ ಹಿಂದಿತ್ತು.

ಎಲ್ಲ ಸಂಸ್ಥೆಗಳಿಗೂ ಈ ಭಾಗ್ಯವಿಲ್ಲ. ಒಬ್ಬರ ಶ್ರಮದಿಂದ ಹುಟ್ಟಿದ ವಿದ್ಯಾಸಂಸ್ಥೆ, ಗ್ರಂಥಾಲಯ, ಸಹಕಾರ ಸಂಘಗಳು ಅವರೊಡನೆಯೇ ಮುದುಡುವುದನ್ನು ನಾಡು ಕಂಡಿದೆ. ಸಂಸ್ಥಾಪಕರು ಕಾನೆಲ್ ಮತ್ತು ಸ್ಲಾಟಿಯರ್ ಹೇಳಿದ ಮೂರನೆಯ ಬಗೆಗೆ ಸೇರಿದ್ದರೆಂಬುದೇ ಅದಕ್ಕೆ ಕಾರಣ. ಅವರು ಕೆಟ್ಟವರೆಂದಲ್ಲ, ಬಹುಪಾಲು ಅವರು ತ್ಯಾಗಿಗಳೇ. ಆದರೆ ಲೆಕ್ಕಪತ್ರವನ್ನು ಇನ್ನೊಬ್ಬರಿಗೆ ತೋರಿಸಲಿಲ್ಲ, ನಿರ್ಣಯವನ್ನು ಇನ್ನೊಬ್ಬರಿಗೆ ಬಿಡಲಿಲ್ಲ, ತಪ್ಪುಮಾಡಿ ಕಲಿಯಲು ಕಿರಿಯರಿಗೆ ಅವಕಾಶ ಕೊಡಲಿಲ್ಲ. ಕಡೆಗೆ 'ಯೋಗ್ಯರೇ ಸಿಗುವುದಿಲ್ಲ' ಎಂದು ಮರುಗಿದರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಕಿರಿಯರಲ್ಲಿ ತಾಳ್ಮೆ ಕಡಿಮೆಯೆಂಬುದೂ ನಿಜ. ಆದರೆ ಯೋಗ್ಯರು ಸಿದ್ಧವಾಗಿ ಸಿಗುವುದಿಲ್ಲ, ಅವರನ್ನು ಸಿದ್ಧಪಡಿಸಬೇಕು. ಜೇನುನೊಣಕ್ಕೆ ತಿಳಿದಿರುವ ಈ ಸತ್ಯವನ್ನು ಮನುಷ್ಯನು ಮರೆಯುವುದು ಶೋಚನೀಯ. ಇನ್ನು ಕೆಲವರು ಪಟ್ಟವನ್ನೇ ದಾಯವೆಂದು ಬಗೆದು ಸಾರ್ವಜನಿಕರ ಕಾಣಿಕೆಯಿಂದ ಬೆಳೆದ ಸಂಸ್ಥೆಯನ್ನು ತಮ್ಮ ಮಕ್ಕಳ ಹೆಸರಿಗೆ ಹಚ್ಚುತ್ತಾರೆ. ಮಗನು ಯೋಗ್ಯನಾಗಿದ್ದರೆ ಅವನು ಮಗನೆಂಬ ಕಾರಣಕ್ಕೆ ತಳ್ಳಬೇಕಾಗಿಲ್ಲ. ಆದರೆ ಮಗನೆಂಬುದೇ ಯೋಗ್ಯತೆಯಾಗಲಾರದು.

ಯಯಾತಿಯ ಕಥೆ ಇಲ್ಲಿ ಸ್ಮರಣೀಯ. ಮುಪ್ಪನ್ನು ಒಲ್ಲದ ಆ ದೊರೆ ಮಗನ ಯೌವನವನ್ನೇ ಬೇಡಿದನು, ಪುರುವು ಕೊಟ್ಟನು. ಬಹುಕಾಲ ಭೋಗಿಸಿದ ಮೇಲೆಯೂ ತೃಪ್ತಿ ಬಾರದೆ ಕಡೆಗೆ ಯೌವನವನ್ನು ಹಿಂದಿರುಗಿಸಿ ರಾಜ್ಯವನ್ನಿತ್ತು ಕಾಡಿಗೆ ಹೋದನು. ಎಂಬತ್ತರ ವಯಸ್ಸಿನಲ್ಲಿಯೂ ಕುರ್ಚಿಯನ್ನು ಬಿಡದವರು ಬೇಡುತ್ತಿರುವುದು ಇದೇ ಯೌವನವನ್ನು. ಯಯಾತಿಯು ಹಿಂದಿರುಗಿಸಿದನೆಂಬುದನ್ನು ಮಾತ್ರ ಅವರು ಮರೆತಿರುತ್ತಾರೆ.

ಕಡೆಯದಾಗಿ ವಿದ್ಯೆಯ ಪರಂಪರೆ. ಬಿಜಾಪುರದ ಸುತ್ತಮುತ್ತಲಿನ ಮನೆಗಳಲ್ಲಿ ವಚನಗಳ ತಾಳೆಗರಿಯ ಕಟ್ಟುಗಳು ತಲೆಮಾರಿನಿಂದ ತಲೆಮಾರಿಗೆ ಸೊತ್ತಾಗಿ ಬಂದಿದ್ದವು. ಎಷ್ಟೋ ಕಡೆ ಅವಕ್ಕೆ ಪೂಜೆ ಸಲ್ಲುತ್ತಿತ್ತು. ಓದು ಮಾತ್ರ ನಿಂತಿತ್ತು. ದಾಯ ಉಳಿದಿತ್ತು, ಪರಂಪರೆ ಕಡಿದಿತ್ತು. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗೆ ಹೋಗಿ ಆ ಕಟ್ಟುಗಳನ್ನು ಸಂಗ್ರಹಿಸಿ, ಓದಿ, ಪರಿಶೋಧಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಮುದ್ರಣಾಲಯವನ್ನೂ ತಾವೇ ಸ್ಥಾಪಿಸಿದರು. ಆ ಮನೆಗಳ ರಕ್ತಕ್ಕೆ ಅವರು ವಾರಸುದಾರರಲ್ಲ. ಆ ಗರಿಗಳ ನುಡಿಗೆ ಅವರೇ ನಿಜವಾದ ಉತ್ತರಾಧಿಕಾರಿಗಳಾದರು. ಅಧಿಕಾರವೆಂದರೆ ಯೋಗ್ಯತೆ ಎಂಬ ಶಾಸ್ತ್ರಾರ್ಥವು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಆದುದರಿಂದ ದಾಯವನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಹಂಚಬೇಕು. ಪಟ್ಟವನ್ನು ಯೋಗ್ಯರಿಗೆ, ಹಿರಿಯರು ಬದುಕಿರುವಾಗಲೇ ಗೊತ್ತುಮಾಡಬೇಕು. ಪರಂಪರೆಯನ್ನು ದಿನದಿನವೂ ಉಣಿಸಿ ಬೆಳೆಸಬೇಕು. ಬಾಳೆಯ ಗಿಡವು ಗೊನೆಯನ್ನು ಕೊಟ್ಟು ಬೀಳುವ ಮೊದಲೇ ಬುಡದಲ್ಲಿ ಕಂದುಗಳನ್ನು ಎಬ್ಬಿಸಿರುತ್ತದೆ. ತೋಟಗಾರನು ಗೊನೆಯನ್ನು ಕಡಿಯುವಾಗ ಕಂದಿಗೆ ಪೆಟ್ಟಾಗದಂತೆ ನೋಡಿಕೊಳ್ಳುತ್ತಾನೆ. ಈ ಸಂಚಿಕೆಯನ್ನು ಓದುತ್ತಿರುವ ಬಾಲಕ ಬಾಲಕಿಯರೇ ಈ ನಾಡಿನ ಕಂದುಗಳು. ಹಿರಿಯರು ಅವರ ಕೈಗೆ ಇಂದೇ ಒಂದಿಷ್ಟು ಹೊಣೆಯನ್ನು ಕೊಡಲಿ. ಶಾಲೆಯ ಗ್ರಂಥಾಲಯದ ಬೀಗದ ಕೈಯಿಂದಲೇ ಅದು ಮೊದಲಾಗಲಿ.